ಬೆಲ್ಟ್ ಸಾಬ್ರ ಬಲಗೈ

ಬೆಲ್ಟ್ ಸಾಬ್ರು ತೀರಿಕೊಂಡ ವಿಷಯ ನನಗೆ ಗೊತ್ತಾಗಿದ್ದು ಬೆಲ್ಟಿಗೆ ಫೋನ್ ಮಾಡಿದಾಗ. ಶಿರಾದ ಸ್ಪೇರ್ ಪಾರ್ಟ್ಸ್ ಅಂಗಡಿಯವನಿಗೆ ಬೆಲ್ಟಿನ ನಂಬರು ಹೇಳುತ್ತಿದ್ದೆ. ಅವನು ಬರೆದುಕೊಂಡು, "ನಿಮ್ ಬೆಲ್ಟ್ ಸಾಬ್ರು ಹೋಗ್ಬುಟ್ರಲ್ಲಪ್ಪ. ನೆನ್ನೆ ಮಣ್ಣು ಮಾಡಿದ್ರು" ಅಂದ. ಅದೇ ಉಸಿರಿನಲ್ಲಿ, "ಬೆಲ್ಟು ಒಂದು ಸಾಕಾ, ಎರಡು ಬೇಕಾ?" ಅಂದ. ನಾನು ಎರಡು ಅಂದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಮಗ ಬೇಡ ಅಂದಿದ್ದಾನೆ. ಶಿರಾದ ಗ್ಯಾರೇಜ್ ಬೀದಿಯವರಿಗೆ ಹೆಸರಿಲ್ಲದಿದ್ದರೂ ಗೊತ್ತಾಗುತ್ತದೆ. ಗೊತ್ತಾಗಬೇಕಾದದ್ದು ಅವರಿಗೇ.

ನಾನು ಪಾವಗಡ ತಾಲ್ಲೂಕಿನ ತಿರುಮಣಿ ಹತ್ತಿರ ಸೋಲಾರ್ ಪ್ಲೇಟುಗಳ ಸಾಲಿನ ನಡುವೆ ಹುಲ್ಲು ಕುಯ್ಯುವ ಗಾಡಿ ಓಡಿಸುತ್ತೇನೆ. ಗಾಡಿ ಅಂದರೆ ಚಿಕ್ಕ ಟ್ರಾಕ್ಟರು. ಹೊಟ್ಟೆ ಕೆಳಗೆ ಬ್ಲೇಡುಗಳಿರುತ್ತವೆ. ದೊಡ್ಡ ಬಂಗಲೆಯವರು ತೋಟದ ಹುಲ್ಲು ಸಮ ಮಾಡಲಿ ಅಂತ ಮಾಡಿದ ಗಾಡಿ ಅದು. ನಮ್ಮ ಕಂಟ್ರಾಕ್ಟರು ಅದನ್ನು ತಂದು ಕಲ್ಲು, ಮುಳ್ಳು, ಜಾಲಿ ಮೋಟಿನ ಮೇಲೆ ಬಿಟ್ಟ. ಬೇರೆ ಕಡೆ ವರ್ಷಗಟ್ಟಲೆ ಬಾಳುವ ಬೆಲ್ಟು ನಮ್ಮಲ್ಲಿ ಎರಡು ಮೂರು ತಿಂಗಳಿಗೆ ಸವೆದುಹೋಗುತ್ತದೆ. ಗಾಡಿಗೆ ಎರಡು ಬೆಲ್ಟು. ಒಂದು ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ, ಇನ್ನೊಂದು ಬ್ಲೇಡಿಗೆ. ಚಕ್ರದ ಬೆಲ್ಟು ಸವೆದರೆ ಎಂಜಿನ್ ಕೂಗುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಬ್ಲೇಡಿನ ಬೆಲ್ಟು ಸವೆದರೆ ಗಾಡಿ ಹುಲ್ಲನ್ನು ಕುಯ್ಯುವುದಿಲ್ಲ, ತಲೆ ಬಾಚುತ್ತದೆ. ಆಗೆಲ್ಲ ಶಿರಾಕ್ಕೆ ಫೋನು ಹೋಗುತ್ತಿತ್ತು, ಸಾಬ್ರು ಬರುತ್ತಿದ್ದರು.

ಶಿರಾದಿಂದ ಬಸ್ಸಿನಲ್ಲಿ ಮಧುಗಿರಿಗೆ, ಅಲ್ಲಿ ಇಳಿದು ಪಾವಗಡದ ಬಸ್ಸಿಗೆ, ಆಮೇಲೆ ಆಟೋ. ಹೊಸ ಬೆಲ್ಟನ್ನು ಅವರು ಚೀಲಕ್ಕೆ ತುರುಕುತ್ತಿರಲಿಲ್ಲ. ಟವೆಲ್ಲಿನ ಹಾಗೆ ಹೆಗಲಿಗೆ ಹಾಕಿಕೊಂಡೇ ಬರುತ್ತಿದ್ದರು. ಬಸ್ಸಿನ ಕಂಡಕ್ಟರುಗಳೇ ಮೊದಲು ಅವರನ್ನು ಬೆಲ್ಟ್ ಸಾಬ್ರು ಅಂದದ್ದು. "ಮಡಚಿದ್ರೆ ಮಡಿಕೆ ಬೀಳ್ತದೆ. ಮಡಿಕೆ ಬಿದ್ ಕಡೇನೇ ಹರೀತದೆ" ಅನ್ನುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು. ಸಣಕಲು ಮೈ. ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಅಲ್ಲಿ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಮಗ ಹೊಸ ಕನ್ನಡಕ ತಂದುಕೊಟ್ಟಿದ್ದನಂತೆ. ಅದು ಹಬ್ಬಕ್ಕೆ ಅಂತ ಎತ್ತಿಟ್ಟಿದ್ದರು.

ಗಾಡಿ ಹತ್ತಿರ ಬಂದ ತಕ್ಷಣ ಅವರು ಮಾಡುತ್ತಿದ್ದ ಮೊದಲ ಕೆಲಸ ಕೀ ಕೀಳುವುದು. ಕಿತ್ತು ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಿದ್ದರು. ಕೆಲಸ ಮುಗಿದು, ಎದ್ದು, ಕೈ ಒರೆಸಿಕೊಳ್ಳುವ ತನಕ ಕೀ ಬಾಯಲ್ಲೇ. ಅಷ್ಟು ಹೊತ್ತು ಮಾತಿಲ್ಲ. ಏನಾದರೂ ಬೇಕಿದ್ದರೆ ಮೂಗಿನಲ್ಲೇ ಹೂಂಗುಟ್ಟಿ ಬೆರಳು ತೋರಿಸುತ್ತಿದ್ದರು. ಕೇಳಿದ ಸ್ಪ್ಯಾನರ್ ಬಿಟ್ಟು ಬೇರೆಯದು ಕೊಟ್ಟರೆ ಗಾಡಿ ಕೆಳಗಿನಿಂದಲೇ ಕಾಲಲ್ಲಿ ಒದೆಯುತ್ತಿದ್ದರು.

"ಜೇಬಲ್ಲಿ ಇಟ್ಕಳಿ ಸಾಬ್ರೆ. ನಾಯಿ ಮೂಳೆ ಕಚ್ಕಂಡಂಗೆ ಕಚ್ಕಂಡಿರ್ತೀರಲ್ಲ" ಅಂದೆ ಒಂದು ಸಲ.

ಕೆಲಸ ಮುಗಿಯುವ ತನಕ ಉತ್ತರ ಬರಲಿಲ್ಲ. ಎದ್ದು ಕೀ ಒರೆಸಿ ನನ್ನ ಕೈಗೆ ಕೊಟ್ಟು ಹೇಳಿದರು. "ಅರೆ, ಮಲ್ಕಂಡ್ರೆ ಜೇಬಿಂದ ಕೀ ಬೀಳ್ತದೆ. ಯಾವನೋ ಒಳ್ಳೇ ಮನ್ಸ ಎತ್ಕಂಡು ಗಾಡಿಗೆ ಹಾಕ್ತಾನೆ. ನನ್ ಬಾಯಿಂದ ಕೀ ಕಿತ್ಕಳೋ ಅಂತ ಒಳ್ಳೇ ಮನ್ಸ ಇನ್ನೂ ಹುಟ್ಟಿಲ್ಲ ಕಣ್ಲಾ."

ನನಗೆ ಅವರ ಕೆಲಸ ನೋಡಿ ಮೈಯೆಲ್ಲ ಉರಿಯುತ್ತಿತ್ತು. ಅಷ್ಟು ನಿಧಾನ. ಹಳೇ ಬೆಲ್ಟು ಬಿಚ್ಚಿದ ಮೇಲೆ ಹೊಸದು ಹಾಕಬೇಕು ತಾನೆ. ಅವರು ಹಾಕುತ್ತಿರಲಿಲ್ಲ. ಹಳೇ ಬೆಲ್ಟನ್ನು ಬೆಳಕಿಗೆ ಹಿಡಿದು ಇಂಚಿಂಚೂ ನೋಡುತ್ತಿದ್ದರು. ಬೆರಳಲ್ಲಿ ಉಜ್ಜಿ ಮೂಸುತ್ತಿದ್ದರು. ಆಮೇಲೆ ಬೆಲ್ಟು ಓಡುವ ಒಂದೊಂದು ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ ಕಿವಿ ಕೊಡುತ್ತಿದ್ದರು.

"ಬೆಲ್ಟು ಹರಿದಿದೆ ಸಾಬ್ರೆ. ಇನ್ನೇನು ನೋಡ್ತೀರಾ, ಪೋಸ್ಟ್‌ಮಾರ್ಟಂ ಮಾಡ್ತೀರಾ?"

ಅವತ್ತು ಬಾಯಿಂದ ಕೀ ತೆಗೆದರು. ಅದು ಅಪರೂಪ. "ಒಂದು ಕಡೆ ಮಾತ್ರ ಸವ್ದೈತೆ ನೋಡು. ಅಂದ್ರೆ ಒಂದು ಪುಲ್ಲಿ ಸೊಟ್ಟಗೈತೆ. ಸೊಟ್ಟ ಪುಲ್ಲಿಗೆ ಹೊಸ ಬೆಲ್ಟ್ ಹಾಕಿ ಹೋದ್ರೆ ಇನ್ನೊಂದು ತಿಂಗ್ಳಿಗೆ ನಾನೇ ಬರ್ಬೇಕು. ನಿನ್ ಮುಖ ತಿಂಗ್ಳಿಗೊಂದ್ಸಲ ನೋಡೋ ಕರ್ಮ ನಂಗ್ಯಾಕೆ?" ಅಂದು ಮತ್ತೆ ಕೀ ಕಚ್ಚಿಕೊಂಡರು.

ಇನ್ನೊಂದು ಸಲ ಅವರು ಬರುವ ಮೊದಲೇ ನಾನು ಬೆಲ್ಟು ಹಾಕಿಬಿಟ್ಟಿದ್ದೆ. ನಮ್ಮ ಮಾವನ ಹಿಟ್ಟಿನ ಗಿರಣಿಯ ಬೆಲ್ಟು. ಅಳತೆ ಸರಿಯಾಗಿ ಕೂತಿತ್ತು. ಗಾಡಿ ಮೊದಲಿಗಿಂತ ಜೋರಾಗಿ ಎಳೆಯುತ್ತಿತ್ತು. ಹೆಮ್ಮೆಯಿಂದ ತೋರಿಸಿದೆ. ಸಾಬ್ರು ಒಂದು ಸುತ್ತು ಓಡಿಸಿ ನೋಡಿದರು. ಇಳಿದು, ಬೆಲ್ಟು ಬಿಚ್ಚಿ, ಚಾಕು ತೆಗೆದು ನನ್ನ ಕಣ್ಣೆದುರಿಗೇ ಎರಡು ತುಂಡು ಮಾಡಿದರು. ನಾನು ಬಾಯಿಗೆ ಬಂದಂಗೆ ಬೈದೆ. ಅವರು ಬೈಸಿಕೊಂಡು ಮುಗಿದ ಮೇಲೆ ಹೇಳಿದರು. ಗಿರಣಿ ಬೆಲ್ಟು ಹಿಡಿಯೋದಕ್ಕೆ ಇರೋದು, ಹಿಡಿದರೆ ಬಿಡಲ್ಲ. ಈ ಗಾಡಿ ಬೆಲ್ಟು ಪೆಡಲ್ ತುಳಿದಾಗ ಜಾರಬೇಕು, ಇಲ್ಲದಿದ್ದರೆ ಗಾಡಿ ನಿಲ್ಲಲ್ಲ. "ನೀನು ಬ್ರೇಕ್ ತುಳೀತೀಯ, ಮುಂದೆ ಹೆಂಗಸರು ಪ್ಲೇಟ್ ತೊಳೀತಿರ್ತಾರೆ. ಹೋಗಿ ಗುದ್ದಿದ್ಮೇಲೆ ಗಿರಣಿ ಮಾವ ಬಂದು ಎತ್ತಲ್ಲ."

ನಾನು ಕುರುಬರವನು. ಈಗ ಪ್ಲೇಟು ನಿಂತಿರುವ ಜಾಗದಲ್ಲಿ ನಮ್ಮಜ್ಜಿ ಕುರಿ ಮೇಯಿಸುತ್ತಿದ್ದಳು. ಅದು ಸಾಬ್ರಿಗೆ ಗೊತ್ತಿತ್ತು. ಪ್ಲೇಟಿನ ನೆರಳಲ್ಲಿ ಕೂತು ರೊಟ್ಟಿ ತಿನ್ನುವಾಗ ಅವರು ಮಾಡುತ್ತಿದ್ದ ತಮಾಷೆ ಒಂದೇ. "ನಿಮ್ಮಜ್ಜಿ ಕುರಿಗೆ ಬೆಲ್ಟೇ ಇರ್ಲಿಲ್ಲ. ಅವೂ ಹುಲ್ಲು ಕುಯ್ತಿದ್ವು. ನನ್ ಅನ್ನಕ್ಕೆ ಮಾತ್ರ ಕಲ್ಲು ಹಾಕ್ತಿದ್ವು." ಹತ್ತು ಸಲ ಹೇಳಿದರೂ ತಾವೇ ಮೊದಲು ನಗುತ್ತಿದ್ದರು.

ಅವರಿಗೆ ಶಿರಾದ ಗ್ಯಾರೇಜ್ ಬೀದಿಯಲ್ಲಿ ಒಂದು ಹೆಸರಿತ್ತು. ನಾನು ಸ್ಪೇರ್ ತರಲು ಹೋದಾಗ ಕಿವಿಯಾರೆ ಕೇಳಿದ್ದೇನೆ. ನಲವತ್ತು ವರ್ಷ ಗಿರಣಿ, ಪವರ್ ಟಿಲ್ಲರ್, ಕಬ್ಬಿನ ಹಾಲಿನ ಮಿಷಿನ್ನು, ಎಲ್ಲದಕ್ಕೂ ಕೈ ಹಾಕಿ ಒಂದು ಉಗುರೂ ಕಳೆದುಕೊಳ್ಳದ ಮನುಷ್ಯ ಅಂತ. ಆ ಬೀದಿಯಲ್ಲಿ ಹತ್ತೂ ಬೆರಳು ನೆಟ್ಟಗಿರುವವರು ಕಡಿಮೆ. ಮಕ್ಕಳನ್ನು ಕೆಲಸಕ್ಕೆ ಸೇರಿಸುವಾಗ ಅಪ್ಪಂದಿರು ಇವರ ಗ್ಯಾರೇಜನ್ನೇ ಕೇಳಿಕೊಂಡು ಬರುತ್ತಿದ್ದರು. ಸಾಬ್ರಿಗೆ ಅದರ ಮೇಲೆ ಹೆಮ್ಮೆ ಇತ್ತು. ಟೀ ಲೋಟ ಹಿಡಿಯುವಾಗ ಹತ್ತು ಬೆರಳನ್ನೂ ಅಗಲ ಮಾಡಿ ಹಿಡಿಯುತ್ತಿದ್ದರು, ನೋಡುವವರು ನೋಡಲಿ ಅಂತ.

ಐದು ವರ್ಷದ ಹಿಂದೆ ರಂಜಾನ್ ಬೇಸಿಗೆಯಲ್ಲಿ ಬಂತು. ಸಾಬ್ರು ಉಪವಾಸ ಬಿಡುವವರಲ್ಲ. ಅಂಥ ಬಿಸಿಲಲ್ಲೂ ಉಗುಳು ನುಂಗಿಕೊಂಡು ಬಸ್ಸಿನಲ್ಲಿ ಬಂದರು. ಗಾಡಿಯಿಂದ ಕೀ ಕಿತ್ತರು. ಬಾಯಿ ಹತ್ತಿರ ತಂದು ನಿಲ್ಲಿಸಿದರು.

"ಬೇಡ. ಇದ್ರಲ್ಲಿ ಗ್ರೀಸು ಇರ್ತದೆ. ರುಚಿ ಗಂಟ್ಲಿಗಿಳೀತದೆ" ಅಂದು ಕೀಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಹಬ್ಬದ್ ಗಂಟ ನನ್ ಬಾಯಿ ನೀನೇ. ಬಿಗಿಯಾಗಿ ಮುಚ್ಕಂಡಿರು."

ಆ ತಿಂಗಳು ಎರಡು ಸಲ ಬಂದರು. ಮೊದಲ ಸಲ ಸರಿಹೋಯಿತು. ಎರಡನೇ ಸಲ ಚಕ್ರದ ಬೆಲ್ಟು. ಅದನ್ನು ಹಾಕುವಾಗ ಒಬ್ಬ ಸೀಟಿನ ಮೇಲೆ ಕೂತು ಪೆಡಲ್ ತುಳಿದು ಹಿಡಿದಿರಬೇಕು. ಆಗ ಬೆಲ್ಟಿಗೆ ಸಡಿಲ ಸಿಗುತ್ತದೆ. ಇನ್ನೊಬ್ಬ ಕೆಳಗೆ ಮಲಗಿ ಅದನ್ನು ಪುಲ್ಲಿಯ ತೋಡಿಗೆ ಬೆರಳಲ್ಲಿ ಒತ್ತಿ ಕೂರಿಸಬೇಕು. ನಾನು ಸೀಟಿನ ಮೇಲೆ. ಸಾಬ್ರು ಕೆಳಗೆ. ಕೀ ನನ್ನ ಕೈಯಲ್ಲಿ.

ಹಿಂದಿನ ದಿನ ಬೇಲಿ ಪಕ್ಕ ಯಾರೋ ಎಸೆದ ಬೀಡಿಗೆ ಒಣಹುಲ್ಲು ಹೊತ್ತಿಕೊಂಡು ಒಂದು ಸಾಲಿನ ವೈರು ಕರಗಿತ್ತು. ಉಳಿದ ಹುಲ್ಲನ್ನು ಅವತ್ತೇ ಕುಯ್ದು ಮುಗಿಸಬೇಕಿತ್ತು. ನಮ್ಮ ಸೂಪರ್‌ವೈಸರು ಕ್ಯಾತಗಾನಚೆರ್ಲು ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. ಬೆಳಗ್ಗೆಯಿಂದ ಮೂರು ಸಲ ಬೈಕಿನಲ್ಲಿ ಬಂದು ಹೋಗಿದ್ದ. ಮೂರನೇ ಸಲ ಬೈಕು ಇಳಿಯಲೂ ಇಲ್ಲ.

"ಏಂ ರಾ, ಇನ್ನೂ ಆಗ್ಲಿಲ್ವಾ? ಎಲ್ಲಾ ಸುಟ್ಮೇಲೆ ಬೂದಿ ಕುಯ್ತೀಯಾ ಏಮಿ?" ಅಂದು ಹೋದ.

ಬೆಲ್ಟು ಕೂರುತ್ತಿರಲಿಲ್ಲ. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಸಾಬ್ರು ಒಂದು ಸಲ ಎದ್ದು ಕೂತು ಮುಖ ಒರೆಸಿಕೊಂಡರು. "ಸುಸ್ತಾಯ್ತದೆ. ತಡಿ, ಇನ್ನೊಂದ್ಸಲ ನೋಡಾಣ" ಅಂದು ಮತ್ತೆ ಮಲಗಿದರು.

ನಮ್ಮ ಕಡೆ ಗಿರಣಿಯಲ್ಲೂ ಪಂಪ್‌ಸೆಟ್ಟಲ್ಲೂ ಬೆಲ್ಟು ಕೂರದಿದ್ದರೆ ಒಂದು ಉಪಾಯ ಮಾಡುತ್ತಾರೆ. ಬೆಲ್ಟನ್ನು ಪುಲ್ಲಿಯ ಅಂಚಿಗೆ ಅರ್ಧ ತಗುಲಿಸಿ ಎಂಜಿನ್ನಿಗೆ ಒಂದು ಸಣ್ಣ ತಿರುವು ಕೊಡುತ್ತಾರೆ. ಅದೇ ಹತ್ತಿ ಕೂತುಕೊಳ್ಳುತ್ತದೆ. ಊರಲ್ಲಿ ಎಲ್ಲರೂ ಮಾಡುತ್ತಾರೆ. ನಾನೂ ಎಷ್ಟೋ ಸಲ ಮಾಡಿದ್ದೆ. ಇದನ್ನು ಸಾಬ್ರಿಗೆ ಹಿಂದೊಮ್ಮೆ ಹೇಳಿದ್ದೆ. "ಗಿರಣಿ ಪುಲ್ಲಿ ಕಣ್ಣಿಗೆ ಕಾಣ್ತದೆ. ಇದು ಕಾಣಲ್ಲ. ಅದ್ನೆಲ್ಲ ಇಲ್ಲಿ ತರ್ಬೇಡ" ಅಂದಿದ್ದರು.

ಅವತ್ತು ನನಗೆ ಅವರ ಬಲಗೈ ಹೊರಗೆ ಕಾಣುತ್ತಿತ್ತು. ನೆಲದ ಮೇಲೆ ಸ್ಪ್ಯಾನರ್ ತಡಕಾಡುತ್ತಿತ್ತು. ಕೈ ಹೊರಗಿದೆ, ಬೆಲ್ಟು ಅರ್ಧ ಹತ್ತಿದೆ, ಒಂದು ಸಣ್ಣ ತಿರುವು ಸಾಕು ಅಂದುಕೊಂಡೆ. ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು. ಕೀ ಹಾಕಿದೆ. ತಿರುಗಿಸಿದೆ. ಹಾಕುವುದಕ್ಕೂ ತಿರುಗಿಸುವುದಕ್ಕೂ ನಡುವೆ ಆ ಕೈ ಒಳಗೆ ಹೋಗಿತ್ತು.

ಎಂಜಿನ್ ಸ್ಟಾರ್ಟೂ ಆಗಲಿಲ್ಲ. ಒಂದೆರಡು ಸುತ್ತು ತಿರುಗಿತು, ಅಷ್ಟೇ. ಅವರು ಕೂಗಿದರು. ಬಾಯಿ ಖಾಲಿ ಇತ್ತು.

ಬೆಲ್ಟಿಗೂ ಪುಲ್ಲಿಗೂ ನಡುವೆ ಬೆರಳು ಸಿಕ್ಕಿಕೊಂಡಿದ್ದವು. ನನಗೆ ಏನು ಮಾಡಬೇಕೋ ತೋಚಲಿಲ್ಲ. ಕೆಳಗೆ ಮಲಗಿದ್ದ ಅವರೇ ಹೇಳಿಕೊಟ್ಟರು. "ಮೇಲಿಂದ ಎಂಜಿನ್ನು ಉಲ್ಟಾ ತಿರ್ಗಿಸು. ಕೈಯಾಗೆ. ನಿಧಾನ. ನಿಧಾನ ಕಣ್ಲಾ, ಎಳೀಬೇಡ." ಹಾಗೇ ಮಾಡಿದೆ. ಕೈ ಬಿಡಿಸಿಕೊಂಡು ಹೊರಗೆ ಬಂದರು. ನಾನು ನೀರಿನ ಬಾಟಲಿ ತಂದು ಬಾಯಿಗೆ ಹಿಡಿದೆ. ತಲೆ ಅಲ್ಲಾಡಿಸಿದರು. "ಮುಖಕ್ಕೆ ಹಾಕು" ಅಂದರು. ಜೀಪು ಬರುವ ತನಕ ಟವೆಲ್ಲು ಸುತ್ತಿದ ಕೈಯನ್ನು ತಲೆ ಮೇಲೆ ಎತ್ತಿ ಹಿಡಿದುಕೊಂಡು ಪ್ಲೇಟಿನ ನೆರಳಲ್ಲಿ ಕೂತಿದ್ದರು. ನನ್ನನ್ನು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಬಲಗೈಯ ಮೂರು ಬೆರಳು ಹೋದವು.

ಮಾರನೇ ದಿನ ಸೂಪರ್‌ವೈಸರು ಒಂದು ಕಾಗದ ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಹೇಗಾಯಿತು ಅಂತ ಬರೆದುಕೊಳ್ಳಬೇಕಿತ್ತು. ನಾನು ಮಂಚದ ಕಾಲ ಹತ್ತಿರ ನಿಂತಿದ್ದೆ. ನಾನು ಏನಾದರೂ ಅನ್ನುವ ಮೊದಲೇ ಸಾಬ್ರು ಹೇಳಿದರು.

"ನಾನೇ ಸ್ಟಾರ್ಟ್ ಮಾಡು ಅಂದೆ. ಕೈ ತೆಗೆಯೋದು ಮರ್ತೆ."

"ಮರ್ತ್ರಾ?" ಅಂದ ಸೂಪರ್‌ವೈಸರು.

"ಹೂಂ. ಮರ್ತೆ. ಬರ್ಕೋ."

ಅವನು ಬರೆದುಕೊಂಡ. ಸಾಬ್ರು ಎಡಗೈಯ ಹೆಬ್ಬೆಟ್ಟು ಒತ್ತಿದರು. ಅವರಿಗೆ ಸಹಿ ಬರುತ್ತಿತ್ತು. ಬಲಗೈಯಲ್ಲಿ.

ಅವನು ಹೋದ ಮೇಲೆ ನಾನು ಅವರ ಕಾಲು ಹಿಡಿದುಕೊಳ್ಳಲು ಹೋದೆ. ಕಾಲು ಎಳೆದುಕೊಂಡರು.

"ನಾಟಕ ಬೇಡ. ನಿನ್ ಮೇಲೆ ಪ್ರೀತಿ ಉಕ್ಕಿ ಹೇಳಿದ್ದಲ್ಲ. ಇದು ರಂಜಾನ್ ತಿಂಗ್ಳು. ಒಬ್ಬನ ಕೂಳು ಕೀಳೋ ಮಾತು ಬಾಯಿಗೆ ಬರ್ಲಿಲ್ಲ. ಬೇರೆ ತಿಂಗ್ಳಾಗಿದ್ರೆ ಹೇಳ್ಬುಡ್ತಿದ್ನೋ ಏನೋ."

"ಸುಳ್ಳು ಹೇಳ್ಬುಟ್ರಲ್ಲ ಸಾಬ್ರೆ, ನನ್ನಿಂದ."

"ಅದೂ ತಪ್ಪೇ. ಎರಡ್ರಲ್ಲಿ ಒಂದು ಮಾಡ್ಬೇಕಿತ್ತು." ಬ್ಯಾಂಡೇಜು ಸುತ್ತಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಹೇಳಿದರು. "ಕೀ ಕೈ ಬಿಟ್ಟಿದ್ದು ನನ್ ತಪ್ಪು. ತಿರ್ಗಿಸಿದ್ದು ನಿಂದು. ನಂದು ನಾನು ಒಪ್ಕಂಡೆ. ಹಬ್ಬ ಆಗ್ಲಿ, ನಿಂದು ನೀನು ಹೋಗಿ ಒಪ್ಕೋ. ಅವ್ನ ಹತ್ರಾನೂ ಹೇಳು, ನಮ್ ಬೀದೀಲೂ ಬಂದು ಹೇಳು. ಆಯ್ತಾ?"

"ಹೇಳ್ತೀನಿ" ಅಂದೆ.

ಹಬ್ಬ ಆಯಿತು. ಹೇಳಲಿಲ್ಲ. ಕೆಲಸ ಹೋಗುತ್ತದೆ ಅಂತ ಮೊದಲು ಹೇಳಲಿಲ್ಲ. ಆಮೇಲೆ ತಡವಾಯಿತು ಅಂತ ಹೇಳಲಿಲ್ಲ. ಅದಾದ ಮೇಲೆ ಕಾರಣವೂ ಇರಲಿಲ್ಲ. ಹೇಳಲಿಲ್ಲ, ಅಷ್ಟೇ.

ಕಂಟ್ರಾಕ್ಟರು ಬೇರೆ ಮೆಕ್ಯಾನಿಕ್ಕನ್ನು ಗೊತ್ತು ಮಾಡಿದ. ಶಿರಾದಲ್ಲಿ ಸುದ್ದಿ ಹರಡಿತು. ನಲವತ್ತು ವರ್ಷ ಒಂದು ಉಗುರೂ ಕಳೆದುಕೊಳ್ಳದ ಮನುಷ್ಯ ಸ್ಟಾರ್ಟ್ ಮಾಡು ಅಂತ ತಾನೇ ಹೇಳಿ ಕೈ ತೆಗೆಯೋದು ಮರೆತ ಅಂದರೆ ಬೀದಿ ಬಿಡುತ್ತದಾ? ಮೊದಲು ಅಯ್ಯೋ ಅಂದರು. ತಿಂಗಳು ಕಳೆಯುವುದರೊಳಗೆ ಕೈ ಮರ್ತ ಸಾಬ್ರು ಅಂತ ಹೆಸರಿಟ್ಟರು. ಗ್ಯಾರೇಜಿಗೆ ಗಾಡಿ ಬಿಟ್ಟ ಜನ, "ಮಗನ ಕೈಲಿ ಮಾಡ್ಸು, ಆಯಪ್ಪಂಗೆ ಮರೆವು ಬಂದೈತಂತೆ" ಅಂತ ಅವರ ಎದುರಿಗೇ ಹೇಳತೊಡಗಿದರು. ಮಗ ಒಳ್ಳೆಯ ಕೆಲಸಗಾರ. ಅವನಿಗೂ ಅಪ್ಪನನ್ನು ಮಿಷಿನ್ನಿನ ಹತ್ತಿರ ಬಿಡಲು ಭಯ. ಬಾಗಿಲ ಪಕ್ಕ ಒಂದು ಸ್ಟೂಲು ಹಾಕಿ ಕೂರಿಸಿದ. ಸಾಬ್ರು ಅಲ್ಲಿ ಕೂತು ಹಳೇ ಟ್ಯೂಬಿನಿಂದ ವಾಷರ್ ಕತ್ತರಿಸುತ್ತಿದ್ದರು, ಎಡಗೈಯಲ್ಲಿ.

ನಾನು ಬೆಲ್ಟು ತರಲು ಹೋದಾಗೆಲ್ಲ ಆ ಬೀದಿಯಲ್ಲೇ ಹೋಗಬೇಕಿತ್ತು. ಒಂದು ಸಲ ಸುತ್ತಿ ಬಳಸಿ ಬೇರೆ ದಾರಿಯಲ್ಲಿ ಹೋದೆ. ಆಮೇಲೆ ನನಗೇ ಹೇಸಿಗೆ ಆಗಿ ನೇರ ಹೋದೆ. ನನ್ನನ್ನು ನೋಡಿ ಅವರು ಕತ್ತರಿ ಕೆಳಗಿಟ್ಟರು.

"ಬೆಲ್ಟು ಹೆಂಗೈತೆ?"

"ಚೆನ್ನಾಗೈತೆ ಸಾಬ್ರೆ."

"ಪುಲ್ಲಿ ನೋಡ್ತಾನಾ ಹೊಸ ಮೆಕ್ಯಾನಿಕ್ಕು?"

"ನೋಡಲ್ಲ."

"ಕೀ ಎಲ್ಲಿಟ್ಕಂತಾನೆ?"

ಅವರು ಮತ್ತೆ ಕತ್ತರಿ ಎತ್ತಿಕೊಂಡರು. ಹೇಳಿದೆಯಾ ಅಂತ ಕೇಳಲಿಲ್ಲ. ಮುಂದಿನ ವರ್ಷ ಹೋದಾಗಲೂ ಕೇಳಲಿಲ್ಲ. ಅದರ ಮುಂದಿನ ವರ್ಷ ಹೋದಾಗ ಬೆಲ್ಟಿನ ಬಗ್ಗೆಯೂ ಕೇಳಲಿಲ್ಲ. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡು ಒಳಗೆ ಎದ್ದುಹೋದರು. ಅಷ್ಟು ಹೊತ್ತಿಗೆ ಬೀದಿಯಲ್ಲಿ ಅವರ ಹಳೇ ಹೆಸರು ಯಾರ ಬಾಯಲ್ಲೂ ಇರಲಿಲ್ಲ.

ಹೀಗೆ ಐದು ವರ್ಷ.

ಸ್ಪೇರ್ ಅಂಗಡಿಯವನು ಸುದ್ದಿ ಹೇಳಿದ ಮಾರನೇ ದಿನ ನಾನು ಸೂಪರ್‌ವೈಸರ್ ಹತ್ತಿರ ಹೋದೆ. ಅವತ್ತು ಕೀ ತಿರುಗಿಸಿದ್ದು ನಾನು, ಸಾಬ್ರು ಹೇಳಿರಲಿಲ್ಲ, ಅವರು ಏನೂ ಮರೆತಿರಲಿಲ್ಲ ಅಂದೆ. ಅವನು ಫೋನಿನಿಂದ ತಲೆ ಎತ್ತಿದ.

"ಇಪ್ಪುಡು ಎಂದುಕು ರಾ, ಈಗ್ಯಾಕೆ? ಆಯಪ್ಪನೇ ಹೋದ. ಆ ಫೈಲು ಎಲ್ಲೈತೋ ಏನೋ."

"ಕೆಲಸದಿಂದ ತೆಗೀತೀರಾ ತೆಗೀರಿ."

"ತೆಗೆದ್ರೆ ಗಾಡಿ ನಿಮ್ಮಪ್ಪ ಓಡಿಸ್ತಾನಾ? ಹೋಗು, ಹತ್ತನೇ ಸಾಲು ಬಾಕಿ ಐತೆ."

ಐದು ವರ್ಷ ಯಾವುದಕ್ಕೆ ಹೆದರಿಕೊಂಡು ಬಾಯಿ ಮುಚ್ಚಿಕೊಂಡಿದ್ದೆನೋ ಅದು ಇಷ್ಟೇ ಆಗಿತ್ತು. ಹತ್ತನೇ ಸಾಲಿಗೆ ನಾನು ಹೋಗಲಿಲ್ಲ. ಶಿರಾ ಬಸ್ಸು ಹತ್ತಿದೆ.

ಅವತ್ತು ಸಾಬ್ರು ಸತ್ತು ಮೂರನೇ ದಿನ. ಪ್ರಾರ್ಥನೆ ಮುಗಿಸಿಕೊಂಡು ಬೀದಿಯವರೆಲ್ಲ ಗ್ಯಾರೇಜಿನ ಮುಂದೆ ಕೂತಿದ್ದರು. ಎಲ್ಲ ಮೆಕ್ಯಾನಿಕ್ಕುಗಳು, ವೆಲ್ಡಿಂಗಿನವರು, ಟಿಂಕರಿಂಗಿನವರು. ಮಗ ಎಲ್ಲರಿಗೂ ಟೀ ಕೊಡುತ್ತಿದ್ದ. ಅವನನ್ನು ಒಳಗೆ ಕರೆದು ಮೊದಲು ಅವನಿಗೆ ಹೇಳಿದೆ. ಎಲ್ಲ ಹೇಳಿದೆ. ಅವನು ಟೀ ತಟ್ಟೆ ಹಿಡಿದುಕೊಂಡೇ ಕೇಳಿದ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

"ನಂಗೂ ಮರ್ತೆ ಅಂತಾನೇ ಹೇಳಿದ್ರು" ಅಂದ. "ನಾನು ಅವ್ರನ್ನ ಐದು ವರ್ಷ ಸ್ಕ್ರೂಡ್ರೈವರ್ ಮುಟ್ಟಕ್ಕೆ ಬಿಡ್ಲಿಲ್ಲ. ಮುಟ್ಟಕ್ಕೆ ಬಂದ್ರೆ ಗದರಿಸ್ತಿದ್ದೆ. ಅಬ್ಬಾಜಾನ್, ಇನ್ನೊಂದು ಕೈನೂ ಮರೀತೀರಾ ಅಂತಿದ್ದೆ."

ಅವನು ತಟ್ಟೆ ಕೆಳಗಿಟ್ಟ.

"ಇಲ್ಲಿ ಹೇಳಿದ್ದು ಹೊರಗೆ ಹೇಳು. ಇವ್ರೆಲ್ಲಾರ ಮುಂದೆ."

ಹೊರಗೆ ಬಂದೆ. ಎಲ್ಲರೂ ಕೇಳುವ ಹಾಗೆ ಜೋರಾಗಿ ಹೇಳಿದೆ. ಸಾಬ್ರು ಸ್ಟಾರ್ಟ್ ಮಾಡು ಅನ್ನಲಿಲ್ಲ, ಕೈ ಮರೆಯಲಿಲ್ಲ, ಕೀ ನನ್ನ ಹತ್ತಿರ ಇತ್ತು, ನನಗೆ ಅವಸರ ಇತ್ತು, ನಾನೇ ತಿರುಗಿಸಿದೆ, ನನ್ನ ಕೆಲಸ ಉಳಿಯಲಿ ಅಂತ ಅವರು ತಪ್ಪು ತಮ್ಮ ಮೇಲೆ ಹಾಕಿಕೊಂಡರು, ನಾನು ಹೇಳುತ್ತೇನೆ ಅಂತ ಮಾತು ಕೊಟ್ಟು ಹೇಳಲಿಲ್ಲ. ಆಮೇಲೆ ಒಬ್ಬ ಹಿರಿಯ ವೆಲ್ಡರು ಎದ್ದು ಬಂದು ನನ್ನ ಬೆನ್ನು ಸವರಿದರು.

"ಒಳ್ಳೇ ಹುಡ್ಗ ಕಣಪ್ಪ ನೀನು. ಸತ್ತೋರ ತಪ್ಪು ನಿನ್ ಮೈಮೇಲೆ ಹಾಕ್ಕಂತಿದೀಯ. ದೇವ್ರು ನಿಂಗೆ ಒಳ್ಳೇದು ಮಾಡ್ಲಿ."

"ಹಂಗಲ್ಲ ಯಜಮಾನ್ರೆ. ಇದು ನಿಜ."

"ಆಯ್ತು ಬುಡಪ್ಪ. ಎಲ್ರಿಗೂ ಒಂದಲ್ಲ ಒಂದಿನ ಮರೆವು ಬರೋದೇ. ನಮಗೂ ಬರ್ತದೆ. ಇವ್ನಿಗೊಂದು ಟೀ ಕೊಡ್ರಿ."

ಮಿಕ್ಕವರೆಲ್ಲ ತಲೆಯಾಡಿಸಿದರು. ಒಬ್ಬ ಕಣ್ಣು ಒರೆಸಿಕೊಂಡ. ನನ್ನ ಮಾತಿಗಲ್ಲ, ನನ್ನ ಒಳ್ಳೆಯತನಕ್ಕೆ. ಸತ್ತವರ ಮನೆಗೆ ಬಂದವರು ಒಳ್ಳೆಯ ಮಾತನ್ನೇ ಆಡುತ್ತಾರೆ. ನಾನೂ ಹಾಗೆ ಒಂದು ಆಡಿದೆ ಅಂತ ಅವರು ಅಂದುಕೊಂಡರು. ಆ ಮನುಷ್ಯ ಬದುಕಿದ್ದಾಗ ಒಂದೇ ಒಂದು ಸಲ ಬಂದು ಹೇಳಿದ್ದರೆ ನಂಬುತ್ತಿದ್ದರು. ಬೈದು, ಹೊಡೆದು, ಕಳಿಸುತ್ತಿದ್ದರು. ಸಾಬ್ರು ಸ್ಟೂಲಿನಿಂದ ಎದ್ದು ಮಿಷಿನ್ನಿನ ಹತ್ತಿರ ಹೋಗುತ್ತಿದ್ದರು.

ಮಗ ನನ್ನನ್ನು ಬೀದಿಯ ಕೊನೆ ತನಕ ಬಿಡಲು ಬಂದ. "ಇವ್ರು ನಂಬಲ್ಲ" ಅಂದ. "ಆದ್ರೂ ಬಾ. ಬಂದಾಗೆಲ್ಲ ಹೇಳು. ಮನೇಲಿ ಅಮ್ಮಂಗೆ ನಾನು ಹೇಳ್ತೀನಿ. ನೀನು ಆ ಕಡೆ ಬರ್ಬೇಡ."

ಅದಾದ ಮೇಲೆ ನಾಲ್ಕು ಸಲ ಹೋಗಿ ಬಂದೆ. ಟಿಂಕರಿಂಗಿನವನಿಗೆ ಹೇಳಿದೆ. ಬ್ಯಾಟರಿ ಅಂಗಡಿಯವನಿಗೆ ಹೇಳಿದೆ. ಬೆಲ್ಟು ಮಾರುವವನಿಗೆ ಹೇಳಿದೆ. ಎಲ್ಲರೂ ನನಗೆ ಕುರ್ಚಿ ಹಾಕುತ್ತಾರೆ. ಈಗ ಆ ಬೀದಿಯಲ್ಲಿ ನನಗೊಂದು ಒಳ್ಳೆಯ ಹೆಸರು ಬಂದಿದೆ. ಬಾಯಲ್ಲಿ ಹೇಳಿದ್ದು ಯಾರಿಗೂ ತಟ್ಟದ ಕಾರಣ ಇಲ್ಲಿ ಬರೆದಿದ್ದೇನೆ. ನಾನು ಏಳನೇ ಕ್ಲಾಸಿಗೆ ಬಿಟ್ಟವನು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ. ನಡೆದದ್ದು ಮಾತ್ರ ಹೀಗೇ.

ಹೋದ ವಾರ ಬೀದಿಯ ಬಾಯಲ್ಲಿ ಹೊಸದಾಗಿ ಟೀ ಅಂಗಡಿ ಇಟ್ಟವನೊಬ್ಬ ಇದ್ದ. ಅವನಿಗೆ ನಾನು ಗೊತ್ತಿಲ್ಲ. ಬೇಕಂತಲೇ ಕೇಳಿದೆ. "ಬೆಲ್ಟ್ ಸಾಬ್ರ ಗ್ಯಾರೇಜು ಎಲ್ಲಣ್ಣ?"

"ಯಾವ ಬೆಲ್ಟ್ ಸಾಬ್ರು?" ಅಂದ. ಸ್ವಲ್ಪ ಯೋಚಿಸಿ, "ಓ, ಕೈ ಮರ್ತೋರ್ದಾ?"

"ಅವ್ರು ಮರೀಲಿಲ್ಲ. ಕೀ ತಿರ್ಗಿಸಿದ್ದು ನಾನು."

ಅವನು ನನ್ನನ್ನು ಒಂದು ಸಲ ನೋಡಿದ. ಕೈಯಲ್ಲಿದ್ದ ಲೋಟ ತೊಳೆದು ಬೋರಲು ಹಾಕಿದ.

"ಎಡಕ್ಕೆ ಮೂರನೇ ಶಟರ್ ನೋಡಣ್ಣ" ಅಂದ. "ಮಗ ಇರ್ತಾನೆ."